ನಾಲಗೆ ತೊಡರಿದಾಗ: ನರರೋಗಗಳಲ್ಲಿ ಮಾತಿನ ಪರೀಕ್ಷೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಹಾವೇರಿಯ ಸೀಮೆಯಾದರೋ ಮಾತು ಬಲ್ಲವರ ಸೀಮೆ. ಕನಕದಾಸರ ಬಾಡ, ಸರ್ವಜ್ಞನ ನೆನಪನ್ನು ಹೊತ್ತ ಅಬಲೂರು, ಶರೀಫರ ಶಿಶುನಾಳ ಇವೆಲ್ಲವೂ ಇದೇ ಜಿಲ್ಲೆಯ ನೆಲದಲ್ಲಿವೆ. ಆದರೆ ಮಾತು ಬಲ್ಲವನಿಗೇ ರೋಗ ಬಂದು, ಆ ರೋಗವು ಅವನ ಮಾತನ್ನೇ ಹಿಡಿದುಕೊಂಡರೆ ಗತಿಯೇನು? ಗಾದೆಯು ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ನರವಿಜ್ಞಾನವು ಹೇಳಲು ಯತ್ನಿಸುತ್ತದೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ. ಅರುವತ್ತರ ಹತ್ತಿರದ ರೈತನೊಬ್ಬನು ರಾತ್ರಿಯೇ ಚೀಲಗಳನ್ನು ತಂದು ಇಳಿಸಿ, ದಲಾಲಿ ಅಂಗಡಿಯ ಮುಂದೆ ಕುಳಿತಿದ್ದಾನೆ. ಮುಂಜಾನೆ ಚಹಾ ಕುಡಿಯುವವರೆಗೆ ಚೆನ್ನಾಗಿಯೇ ಮಾತನಾಡುತ್ತಿದ್ದವನು, ತೂಕದ ಹೊತ್ತಿಗೆ ಏನನ್ನೋ ಕೇಳಲು ಬಾಯಿ ತೆರೆದರೆ ಶಬ್ದಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. "ಬೆಲೆ" ಎಂದನೋ "ಬೆಳೆ" ಎಂದನೋ ತಿಳಿಯದು. ಹತ್ತಿರವಿದ್ದವರು, "ಮುಂಜಾನೇನ ಕುಡದ ಬಂದಾನ ನೋಡ್ರಿ" ಎಂದು ನಗುತ್ತಾರೆ. ಅವನನ್ನು ನೆರಳಿನಲ್ಲಿ ಮಲಗಿಸುತ್ತಾರೆ. ನಿದ್ದೆ ಮಾಡಿ ಎದ್ದರೆ ಸರಿಹೋದೀತೆಂಬ ನಂಬಿಕೆ.

ಈ ನಗೆಯೂ ಈ ನಂಬಿಕೆಯೂ ಎಷ್ಟು ಬೆಲೆ ತೆರಿಸಬಲ್ಲವೆಂಬುದನ್ನು ಲೇಖನದ ಕೊನೆಯಲ್ಲಿ ನೋಡುವೆವು. ಅದಕ್ಕೆ ಮೊದಲು ಮಾತು ಹೇಗೆ ಹುಟ್ಟುತ್ತದೆ, ಅದು ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ತಜ್ಞರು ಹೇಗೆ ಕಂಡುಹಿಡಿಯುವರು ಎಂಬುದನ್ನು ತಿಳಿಯೋಣ.

ಮೂರು ಊರುಗಳ ಹೆಸರು

ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಈ ಜಿಲ್ಲೆಯ ಮೂರು ಊರುಗಳ ಹೆಸರುಗಳನ್ನು ವಾಚಕರು ಗಟ್ಟಿಯಾಗಿ, ನಿಧಾನವಾಗಿ ಉಚ್ಚರಿಸಿದರೆ ಸಾಕು.

ಮೊದಲು "ಹಾವೇರಿ" ಎನ್ನಿರಿ. ಪುಪ್ಪುಸಗಳಿಂದ ಹೊರಟ ಗಾಳಿಯು ತೆರೆದ ಗಂಟಲಿನ ಮೂಲಕ ಹರಿದಾಗ "ಹ" ಹುಟ್ಟಿತು. ಕೂಡಲೇ ಧ್ವನಿಪೆಟ್ಟಿಗೆಯ ತಂತುಗಳು ಹತ್ತಿರ ಬಂದು ಕಂಪಿಸಿದುವು. ದೀರ್ಘವಾದ "ಆ" ಕೇಳಿಸಿತು. ಗಂಡಸರಲ್ಲಿ ಈ ತಂತುಗಳು ಸೆಕೆಂಡಿಗೆ ಸುಮಾರು ನೂರು ಬಾರಿಗೂ ಮೇಲೆ, ಹೆಂಗಸರಲ್ಲಿ ಸುಮಾರು ಇನ್ನೂರು ಬಾರಿ ಕಂಪಿಸುವುವು. ಆ ಬಳಿಕ ಕೆಳತುಟಿ ಮೇಲಣ ಹಲ್ಲಿನ ಬಳಿಗೆ ಸರಿದು "ವ"ಕಾರವನ್ನೂ, ನಾಲಗೆಯ ತುದಿ ಹಲ್ಲಿನ ಹಿಂಬದಿಯನ್ನು ತಟ್ಟಿ "ರ"ಕಾರವನ್ನೂ ಕೊಟ್ಟುವು.

ಈಗ "ಬ್ಯಾಡಗಿ". "ಬ" ಎನ್ನಲು ತುಟಿಗಳು ಮುಚ್ಚಿ ತೆರೆದುವು. "ಡ" ಎನ್ನಲು ನಾಲಗೆಯ ತುದಿ ಹಿಂದಕ್ಕೆ ಮಡಿಚಿಕೊಂಡು ಅಂಗುಳವನ್ನು ಮುಟ್ಟಿತು. "ಗ" ಎನ್ನಲು ನಾಲಗೆಯ ಬುಡ ಮೇಲೆದ್ದಿತು. ತುಟಿ, ತುದಿ, ಬುಡ ಹೀಗೆ ಬಾಯಿಯ ಮುಂಬಾಗಿಲಿನಿಂದ ಹಿತ್ತಲವರೆಗೆ ಒಂದು ಓಟವೇ ನಡೆದುಹೋಯಿತು.

ಕೊನೆಯದು "ರಾಣೆಬೆನ್ನೂರು". ಇಲ್ಲಿ ವಿಶೇಷವಾದ ಕೆಲಸ ಮೆದು ಅಂಗುಳದ್ದು. ಕಿರುನಾಲಗೆ ಇಳಿಬಿದ್ದಿರುವ ಆ ಮಾಂಸಲವಾದ ಪರದೆಯು ಕೆಳಗಿಳಿದರೆ ಗಾಳಿ ಮೂಗಿಗೂ ಹೋಗುವುದು. ಮೇಲೆದ್ದರೆ ಮೂಗಿನ ದಾರಿ ಮುಚ್ಚುವುದು. "ಣ"ಕಾರಕ್ಕೆ ಅದು ಇಳಿಯಬೇಕು, "ಬ"ಕಾರಕ್ಕೆ ಏಳಬೇಕು, "ನ್ನ"ಕಾರಕ್ಕೆ ಮತ್ತೆ ಇಳಿಯಬೇಕು. ಇಷ್ಟೂ ಒಂದು ಸೆಕೆಂಡಿನೊಳಗೆ!

ಇನ್ನೊಂದು ಸಣ್ಣ ಪ್ರಯೋಗ. ಮೂಗನ್ನು ಬೆರಳುಗಳಿಂದ ಹಿಡಿದು "ಬ್ಯಾಡಗಿ" ಎನ್ನಿರಿ. ಹೆಸರು ಕೆಡುವುದಿಲ್ಲ. ಹಾಗೆಯೇ ಹಿಡಿದು "ರಾಣೆಬೆನ್ನೂರು" ಎನ್ನಿರಿ. ನೆಗಡಿ ಬಂದವನ ಮಾತಿನಂತೆ ಕೇಳಿಸುವುದು. ಮೂಗು ಹಿಡಿದಾಗ "ಬ್ಯಾಡಗಿ"ಯೂ ಬದಲಾಯಿತೆಂದರೆ, ಹೋಗಬಾರದ ಗಾಳಿ ಮೂಗಿಗೆ ಹೋಗುತ್ತಿದೆ, ಮೆದು ಅಂಗುಳ ಬಲಗುಂದಿದೆ ಎಂಬ ಶಂಕೆಗೆ ಎಡೆಯಾಗುವುದು. ತಜ್ಞರು ಮಾಡುವ ಪರೀಕ್ಷೆಗಳಲ್ಲಿ ಇದೇ ತತ್ತ್ವದ ಪರೀಕ್ಷೆಯೂ ಒಂದು.

ಆಜ್ಞೆ ಹೊರಡುವ ದಾರಿ

ಈ ಎಲ್ಲ ಚಲನೆಗಳಿಗೂ ಆಜ್ಞೆ ಹೊರಡುವುದು ಮಿದುಳಿನ ಹೊರಪದರದಿಂದ. ಅಲ್ಲಿಂದ ಇಳಿದ ನರತಂತುಗಳು ಮಿದುಳುಕಾಂಡದಲ್ಲಿರುವ ನರಕೋಶಗಳ ಗುಂಪುಗಳನ್ನು ಮುಟ್ಟುವುವು. ತಲೆಯ 12 ಜೊತೆ ನರಗಳಲ್ಲಿ 5ನೆಯದು ದವಡೆಯನ್ನೂ, 7ನೆಯದು ತುಟಿಗಳನ್ನೂ ಮುಖವನ್ನೂ, 9 ಮತ್ತು 10ನೆಯವು ಗಂಟಲು, ಮೆದು ಅಂಗುಳ, ಧ್ವನಿಪೆಟ್ಟಿಗೆಗಳನ್ನೂ, 12ನೆಯದು ನಾಲಗೆಯನ್ನೂ ನಡೆಸುವುವು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ನರವು ಕುತ್ತಿಗೆಯ ಭಾಗದ ಬೆನ್ನುಹುರಿಯಿಂದ ಹೊರಡುವುದು. ಇಷ್ಟೇ ಅಲ್ಲ, ಚಲನೆಯ ಅಳತೆ ಮತ್ತು ಹೊಂದಿಕೆಯನ್ನು ಕಿರುಮಿದುಳು ನೋಡಿಕೊಳ್ಳುವುದು. ಚಲನೆಯ ಹರವು ಕುಗ್ಗದಂತೆಯೂ ಬೇಡದ ಚಲನೆಗಳು ನುಸುಳದಂತೆಯೂ ಮಿದುಳಿನ ಆಳದಲ್ಲಿರುವ ತಳಗಂಟುಗಳು ಕಾಯುವುವು.

ಈ ದಾರಿಯಲ್ಲಿ ಎಲ್ಲಿ ತೊಡಕಾದರೂ ಮಾತು ಕೆಡುವುದು. ಆದರೆ ಎಲ್ಲೆಡೆಯೂ ಒಂದೇ ರೀತಿಯಲ್ಲಿ ಕೆಡುವುದಿಲ್ಲ. ಈ ವ್ಯತ್ಯಾಸವೇ ಪರೀಕ್ಷೆಯ ತಳಹದಿ.

ಮೊದಲು ಬಿಡಿಸಬೇಕಾದ ಗಂಟು

"ಮಾತು ನಿಂತುಹೋಗಿದೆ" ಎಂದು ಮನೆಯವರು ಹೇಳಿದೊಡನೆ ತಜ್ಞನು ಮೂರು ಸಾಧ್ಯತೆಗಳನ್ನು ಬೇರ್ಪಡಿಸಬೇಕಾಗುವುದು.

ಒಂದು, ಭಾಷೆಯೇ ಕೆಟ್ಟಿರಬಹುದು. ಇದು ಅಫೇಸಿಯ. ಇಲ್ಲಿ ರೋಗಿಗೆ ಶಬ್ದ ಹೊಳೆಯದು, ಅಥವಾ ಕೇಳಿದ ಮಾತಿನ ಅರ್ಥವಾಗದು. ಬರೆಯಲು ಕೊಟ್ಟರೆ ಬರೆಹದಲ್ಲಿಯೂ ಅದೇ ದೋಷ ಕಾಣುವುದು. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯನು, "ಟಾನ್" ಎಂಬ ಒಂದೇ ಶಬ್ದವನ್ನು ನುಡಿಯುತ್ತಿದ್ದ ರೋಗಿಯು ತೀರಿಕೊಂಡ ಬಳಿಕ ಅವನ ಮಿದುಳನ್ನು ನೋಡಿ, ಎಡಗಡೆಯ ಮುಂಭಾಗದಲ್ಲಿ ಹಾನಿಯನ್ನು ತೋರಿಸಿಕೊಟ್ಟನು. ಮಾತಿಗೂ ಮಿದುಳಿನ ನಿರ್ದಿಷ್ಟ ಸ್ಥಳಕ್ಕೂ ಇರುವ ನಂಟು ಅಂದಿನಿಂದ ಗಟ್ಟಿಯಾಯಿತು.

ಎರಡು, ಭಾಷೆ ಸರಿಯಿದ್ದು, ಸ್ನಾಯುಗಳಿಗೂ ಬಲವಿದ್ದು, ಚಲನೆಗಳನ್ನು ಸರಿಯಾದ ಕ್ರಮದಲ್ಲಿ ಯೋಜಿಸುವ ಶಕ್ತಿ ಮಾತ್ರ ಕೆಟ್ಟಿರಬಹುದು. ಇದು ಮಾತಿನ ಅಪ್ರಾಕ್ಸಿಯ. ರೋಗಿಯು ನಾಲಗೆಯನ್ನು ಎಲ್ಲಿಡಬೇಕೆಂದು ತಡಕಾಡುವನು. ಒಮ್ಮೆ ತಪ್ಪಿದ ಹಾಗೆ ಇನ್ನೊಮ್ಮೆ ತಪ್ಪುವುದಿಲ್ಲ. ವಾರಗಳ ಹೆಸರನ್ನು ಸರಾಗವಾಗಿ ಒಪ್ಪಿಸಿಬಿಡುವನು, ಆದರೆ "ಬುಧವಾರ ಎನ್ನು" ಎಂದರೆ ತಡವರಿಸುವನು. ಶಬ್ದ ಬೆಳೆದಂತೆ ತೊಡಕೂ ಬೆಳೆಯುವುದು. ಪ್ರತ್ಯಯಗಳನ್ನು ಸೇರಿಸುತ್ತ ಶಬ್ದವನ್ನು ಬೆಳೆಸುವ ನಮ್ಮ ಕನ್ನಡವು ಈ ಪರೀಕ್ಷೆಗೆ ಬಹಳ ಅನುಕೂಲ: ರಾಣೆ, ರಾಣೆಬೆನ್ನೂರು, ರಾಣೆಬೆನ್ನೂರಿನಿಂದ, ರಾಣೆಬೆನ್ನೂರಿನವರಿಗೂ. ಎಷ್ಟನೆಯ ಮೆಟ್ಟಿಲಿನಲ್ಲಿ ರೋಗಿ ಎಡವಿದನೆಂಬುದನ್ನು ಗುರುತಿಸಿಕೊಂಡರಾಯಿತು.

ಮೂರು, ಭಾಷೆಯೂ ಯೋಜನೆಯೂ ಸರಿಯಿದ್ದು, ಅದನ್ನು ನಡೆಸುವ ಸ್ನಾಯುಗಳು ನಿಶ್ಶಕ್ತವೋ ಬಿಗಿಯೋ ಹೊಂದಿಕೆಗೆಟ್ಟುವೋ ಆಗಿರಬಹುದು. ಇದು ಡಿಸಾರ್ತ್ರಿಯ. ಇಂತಹವನು ಬರೆದು ತಿಳಿಸಬಲ್ಲನು. ಹೇಳಿದುದೆಲ್ಲ ಅವನಿಗೆ ಅರ್ಥವಾಗುವುದು. ಅವನ ಬುದ್ಧಿ ಕೆಟ್ಟಿದೆಯೆಂದು ತಿಳಿಯುವುದು ದೊಡ್ಡ ಅನ್ಯಾಯ.

ಕಿವಿಯೇ ಉಪಕರಣ

ಡಿಸಾರ್ತ್ರಿಯವನ್ನು ಕ್ರಮಬದ್ಧವಾಗಿ ವಿಂಗಡಿಸಿದ ಕೀರ್ತಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾರ್ಲಿ, ಅರಾನ್ಸನ್, ಬ್ರೌನ್ ಎಂಬ ಮೂವರದು. 1969ರಲ್ಲಿ ಅವರು 212 ರೋಗಿಗಳ ಮಾತಿನ ಧ್ವನಿಮುದ್ರಣಗಳನ್ನು ಕೇಳಿ, ಮಾತಿನ 38 ಲಕ್ಷಣಗಳಿಗೆ ಅಂಕ ಕೊಟ್ಟು, ನರವ್ಯೂಹದ ಯಾವ ಭಾಗ ಕೆಟ್ಟರೆ ಯಾವ ಲಕ್ಷಣಗಳು ಗುಂಪುಗೂಡುವುವೆಂದು ತೋರಿಸಿದರು. ಇಂದು ಧ್ವನಿಯನ್ನು ಚಿತ್ರವಾಗಿ ಬಿಡಿಸುವ ಯಂತ್ರಗಳೂ, ಮೂಗಿನಿಂದ ಹೋಗುವ ಧ್ವನಿಯ ಪ್ರಮಾಣವನ್ನು ಅಳೆಯುವ ಉಪಕರಣಗಳೂ ಬಂದಿವೆ. ಆದರೂ ಪಳಗಿದ ಕಿವಿಯ ಸ್ಥಾನವನ್ನು ಅವು ಕಿತ್ತುಕೊಂಡಿಲ್ಲ.

ಪರೀಕ್ಷೆ ಹೀಗೆ ನಡೆಯುವುದು. ಮೊದಲು ಕಥೆ: ಮಾತು ಕೆಟ್ಟುದು ಥಟ್ಟನೆಯೋ ತಿಂಗಳುಗಟ್ಟಲೆಯೋ? ಸಂಜೆಗೆ ಹೆಚ್ಚುವುದೋ? ನುಂಗುವಾಗ ಕೆಮ್ಮು ಬರುವುದೋ? ಆಮೇಲೆ ಬಾಯಿಯೊಳಗಣ ನೋಟ. ನಾಲಗೆಯನ್ನು ಹೊರಚಾಚಿದಾಗ ಅದು ಒಂದು ಪಕ್ಕಕ್ಕೆ ವಾಲಿದರೆ, ಸಾಮಾನ್ಯವಾಗಿ ವಾಲಿದ ಪಕ್ಕವೇ ದುರ್ಬಲ. ಏಕೆಂದರೆ ಬಲವಾದ ಪಕ್ಕವು ಅದನ್ನು ಅತ್ತ ತಳ್ಳುವುದು. ನಾಲಗೆ ಸೊರಗಿ, ಅದರ ಮೇಲೆ ಹುಳು ಹರಿದಂತೆ ಸಣ್ಣ ಅದುರುಗಳು ಕಂಡರೆ, ಅದನ್ನು ನಡೆಸುವ ನರಕೋಶಗಳೇ ನಶಿಸುತ್ತಿರಬಹುದು.

ಇನ್ನು ಉಸಿರು ಮತ್ತು ಧ್ವನಿ. ರೋಗಿಯು ಉಸಿರು ತುಂಬಿಕೊಂಡು ಆದಷ್ಟು ಹೊತ್ತು "ಆ" ಎನ್ನಬೇಕು. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ 15ರಿಂದ 25 ಸೆಕೆಂಡುಗಳವರೆಗೆ ಎಳೆಯಬಲ್ಲರು. ಮುಪ್ಪಿನಲ್ಲಿ ಇದು ಕಡಿಮೆಯಾಗುವುದು. ಸೆಕೆಂಡುಗಳಷ್ಟೇ ಮುಖ್ಯವಲ್ಲ, ಧ್ವನಿ ಒಡಕಾಗಿದೆಯೋ, ಹಿಂಡಿದಂತಿದೆಯೋ, ಗಾಳಿ ಸೋರುತ್ತಿದೆಯೋ, ನಡುಗುತ್ತಿದೆಯೋ ಎಂಬುದನ್ನು ಕಿವಿಗೊಟ್ಟು ಕೇಳಬೇಕು.

ಮೂರನೆಯದು ವೇಗ. "ಪ ಪ ಪ", "ತ ತ ತ", "ಕ ಕ ಕ" ಎಂದು ಬೇಗ ಬೇಗ ಹೇಳಿಸಿದರೆ, ಸೆಕೆಂಡಿಗೆ 5ರಿಂದ 7 ಅಕ್ಷರಗಳು ಸಹಜ. ಬಳಿಕ "ಪತಕ, ಪತಕ". "ಬ್ಯಾಡಗಿ, ಬ್ಯಾಡಗಿ" ಎಂದರೂ ನಾಲಗೆಗೆ ಅದೇ ತೆರನಾದ ಓಟ ಒದಗುವುದು. ಆದರೆ ಇದು ವಾಚಕರಿಗೆ ತಿಳಿಯಲೆಂದು ಕೊಟ್ಟ ಉದಾಹರಣೆಯೇ ಹೊರತು, ಪ್ರಮಾಣೀಕರಿಸಿದ ಪರೀಕ್ಷೆಯಲ್ಲ.

ಕೊನೆಯದೂ ಮುಖ್ಯವಾದುದೂ ಸಹಜ ಸಂಭಾಷಣೆ. ಓದಲು ಬಾರದವರಿಗೆ ಚಿತ್ರ ತೋರಿಸಿ ವರ್ಣಿಸಲು ಹೇಳುವರು. ಮಾತು ಎಷ್ಟು ಅರ್ಥವಾಗುವುದೆಂದು ಅಳೆಯಲು, ಶಬ್ದಪಟ್ಟಿಯನ್ನು ಕಾಣದ ಅಪರಿಚಿತನಿಗೆ ಕೇಳಿಸಿ, ನೂರಕ್ಕೆ ಎಷ್ಟನ್ನು ಅವನು ಸರಿಯಾಗಿ ಬರೆದುಕೊಂಡನೆಂದು ಎಣಿಸುವರು. ಮನೆಯವರ ಕಿವಿ ಇದಕ್ಕೆ ಸಲ್ಲದು. ಪ್ರೀತಿಯ ಕಿವಿ ಅರ್ಧ ಮಾತನ್ನು ತಾನೇ ತುಂಬಿಕೊಳ್ಳುವುದು.

ಕೆಟ್ಟ ಮಾತಿನ ಬಗೆಗಳು

ಸ್ನಾಯುಗಳಿಗೆ ನೇರವಾಗಿ ಹೋಗುವ ನರಗಳು ಕೆಟ್ಟರೆ ಮಾತು ಸಡಿಲವಾಗುವುದು. ಗಾಳಿ ಮೂಗಿಗೆ ಸೋರುವುದು. ಬ್ಯಾಡಗಿಯ ಪ್ರಸಿದ್ಧ ತಳಿಗಳಾದ "ಕಡ್ಡಿ", "ಡಬ್ಬಿ"ಗಳು ರೋಗಿಯ ಬಾಯಲ್ಲಿ "ಕಣ್ಣಿ", "ಣಮ್ಮಿ" ಎಂದಾದಾವು. ಮಯಸ್ತೀನಿಯ ಗ್ರೇವಿಸ್ ಎಂಬ ರೋಗದಲ್ಲಿ ನರ-ಸ್ನಾಯುಗಳು ಕೂಡುವ ಸ್ಥಳದಲ್ಲಿಯೇ ತೊಡಕು. ಅಂತಹವನಿಗೆ ಒಂದರಿಂದ ನೂರರವರೆಗೆ ಎಣಿಸಲು ಹೇಳಿದರೆ, ಮೊದಮೊದಲು ಸ್ಪಷ್ಟವಾಗಿದ್ದ ಧ್ವನಿ ಬರಬರುತ್ತ ಮೂಗಿನಲ್ಲಿ ಅಡಗಿಹೋಗುವುದು. ವಿಶ್ರಾಂತಿಯ ಬಳಿಕ ಮರಳಿ ಬರುವುದು.

ಹೊರಪದರದಿಂದ ಇಳಿಯುವ ತಂತುಗಳು ಎರಡೂ ಕಡೆ ಕೆಟ್ಟರೆ ಮಾತು ಬಿಗಿಯಾಗುವುದು. ಹಿಂಡಿ ಹಿಂಡಿ ಹೊರಡಿಸಿದಂತಹ, ನಿಧಾನವಾದ, ಒರಟು ಧ್ವನಿ. ಮೇಲಿಂದ ಮೇಲೆ ಲಕ್ವ ಹೊಡೆದವರಲ್ಲಿ ಇದನ್ನು ಕಾಣಬಹುದು. "ಪ ಪ ಪ" ಮೆಲ್ಲನಾದರೂ ತಾಳ ತಪ್ಪದು.

ಕಿರುಮಿದುಳು ಕೆಟ್ಟರೆ ತಾಳವೇ ತಪ್ಪುವುದು. ಒಂದು ಅಕ್ಷರ ಜೋರು, ಇನ್ನೊಂದು ಮೆಲ್ಲನೆ. ಪ್ರತಿ ಅಕ್ಷರವನ್ನೂ ಬಿಡಿಬಿಡಿಯಾಗಿ ಅಳೆದಿಟ್ಟಂತೆ. ಕುಡಿದವರ ಮಾತಿಗೂ ಇದಕ್ಕೂ ಹೋಲಿಕೆಯಿರುವುದು ಆಕಸ್ಮಿಕವಲ್ಲ. ಮದ್ಯವೂ ಕಿರುಮಿದುಳಿನ ಕೆಲಸವನ್ನೇ ಕೆಡಿಸುವುದು. ಕುಡಿಯದವನ ಮೇಲೆ ಕುಡುಕನೆಂಬ ಅಪವಾದ ಬರುವುದು ಹೀಗೆ.

ಜೇಮ್ಸ್ ಪಾರ್ಕಿನ್ಸನ್ನನು 1817ರಲ್ಲಿ ವರ್ಣಿಸಿದ ನಡುಕದ ರೋಗದಲ್ಲಿ ಮಾತು ಕುಗ್ಗುವುದು. ಧ್ವನಿ ತಗ್ಗಿ, ಏರಿಳಿತ ಮಾಯವಾಗಿ, ಕೆಲವೊಮ್ಮೆ ಶಬ್ದಗಳು ಇಳಿಜಾರಿನ ಬಂಡಿಯಂತೆ ಓಡಿಬಿಡುವುವು. ರೋಗಿಗೆ ತನ್ನ ಧ್ವನಿ ತಗ್ಗಿರುವುದು ತಿಳಿಯದೆ, ಹೆಂಡತಿಗೆ ಕಿವುಡು ಬಂದಿದೆಯೆಂದು ಗೊಣಗುವುದೂ ಉಂಟು! ಇದಕ್ಕೆ ವಿರುದ್ಧವಾಗಿ ಕೊರಿಯ ಮುಂತಾದ ರೋಗಗಳಲ್ಲಿ ಬೇಡದ ಚಲನೆಗಳು ನಡುನಡುವೆ ನುಗ್ಗಿ ಮಾತನ್ನು ಕತ್ತರಿಸುವುವು.

ಹಲವು ಬಗೆಗಳು ಬೆರೆಯುವುದೂ ಉಂಟು. ವಿಲ್ಸನ್ ರೋಗವು ಇದಕ್ಕೆ ಒಳ್ಳೆಯ ನಿದರ್ಶನ. ದೇಹವು ತಾಮ್ರವನ್ನು ಹೊರಹಾಕಲಾರದೆ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಕೂಡಿಡುವ ಈ ಆನುವಂಶಿಕ ರೋಗವನ್ನು 1912ರಲ್ಲಿ ಕಿನ್ನಿಯರ್ ವಿಲ್ಸನ್ನನು ವಿವರಿಸಿದನು. ಹದಿಹರೆಯದವರ ಮಾತು ಕಾರಣವಿಲ್ಲದೆ ತೊದಲತೊಡಗಿದರೆ ಇದನ್ನು ನೆನೆಯಲೇಬೇಕು. ಏಕೆಂದರೆ ಬೇಗ ಗುರುತಿಸಿದರೆ ಔಷಧವುಂಟು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಂಡುಬರುವ, 1970ರಲ್ಲಿ ಮದರಾಸಿನ ವೈದ್ಯರು ವರ್ಣಿಸಿದ ಚಾಲಕ ನರಕೋಶಗಳ ರೋಗವೊಂದು ಎಳೆಯರಲ್ಲಿ ನಾಲಗೆ, ಮುಖ, ಗಂಟಲುಗಳನ್ನು ದುರ್ಬಲಗೊಳಿಸುವುದರ ಜೊತೆಗೆ ಕಿವಿಯನ್ನೂ ಕೆಡಿಸುವುದು.

ನಮ್ಮ ಮಾತು, ನಮ್ಮ ಪರೀಕ್ಷೆ

ಇಂಗ್ಲಿಷಿನ ಶಬ್ದಪಟ್ಟಿಯಿಂದ ಕನ್ನಡಿಗನ ಮಾತನ್ನು ಅಳೆಯಲಾಗದು. ಇಂಗ್ಲಿಷಿನಲ್ಲಿ "ಲ"ಕಾರ "ಳ"ಕಾರಗಳ ಭೇದವಿಲ್ಲ. ಒತ್ತಕ್ಷರಗಳಿಂದ ಅರ್ಥ ಬದಲಾಗುವುದಿಲ್ಲ. ನಮ್ಮಲ್ಲಿಯಾದರೋ ಬೆಲೆ, ಬೆಳೆ, ಬೇಳೆ ಮೂರೂ ಬೇರೆ. ನಾಲಗೆ ಮಡಿಚದಿದ್ದರೆ ಬೆಳೆಯು ಬೆಲೆಯಾಗುವುದು. ಉಸಿರು ಸಾಲದಿದ್ದರೆ ಬೇಳೆಯು ಬೆಳೆಯಾಗುವುದು. ಮಾರುಕಟ್ಟೆಯಲ್ಲಿ ಬದುಕುವವನಿಗೆ ಇದು ಅಲ್ಪದ ತಪ್ಪಲ್ಲ. ಕನ್ನಡದಲ್ಲಿ ಇಂತಹ ಪರೀಕ್ಷೆಗಳನ್ನು ರೂಪಿಸಬಲ್ಲ ಸಂಸ್ಥೆಗಳು ನಮ್ಮ ನಾಡಿನಲ್ಲಿಯೇ ಇವೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇವುಗಳಲ್ಲಿ ಪ್ರಮುಖವಾದುವು.

ಆದರೆ ಮೈಸೂರಿನ ಕಿವಿಯು ಹಾವೇರಿಯ ನಾಲಗೆಯನ್ನು ಅಳೆಯುವಾಗ ಎಚ್ಚರ ಬೇಕು. ಇಲ್ಲಿಯ ಜನ "ಮನೆ"ಗೆ "ಮನಿ" ಎನ್ನುವರು, "ಬೆಳೆ"ಗೆ "ಬೆಳಿ" ಎನ್ನುವರು. ಅದು ರೋಗವಲ್ಲ, ಊರಿನ ನುಡಿ. ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಆಡುವವರನ್ನು ಆದಷ್ಟೂ ಅವರ ಮನೆಮಾತಿನಲ್ಲಿಯೇ ಪರೀಕ್ಷಿಸಬೇಕು. ಹಲ್ಲು ಬಿದ್ದವರ "ಸ"ಕಾರ ಸೋರುವುದು ಸಹಜ. ಅಡಿಕೆ, ಗುಟ್ಕಾಗಳನ್ನು ವರ್ಷಾನುಗಟ್ಟಲೆ ಅಗಿದು ಬಾಯಿ ತೆರೆಯಲಾರದಂತಾದವರ ಮಾತೂ ಕೆಟ್ಟಿರುವುದು. ಅಲ್ಲಿ ನರಗಳ ತಪ್ಪೇನೂ ಇಲ್ಲ, ಆದರೆ ಬೇರೆ ಅಪಾಯವಿದೆ.

ನರರೋಗಗಳು ಪಟ್ಟಣದವರಿಗಷ್ಟೇ ಬರುವುವೆಂಬ ಭಾವನೆಯೂ ಸರಿಯಲ್ಲ. ಬೆಂಗಳೂರು ಮತ್ತು ಸುತ್ತಣ ಹಳ್ಳಿಗಳಲ್ಲಿ 1993ರಿಂದ 1995ರವರೆಗೆ ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ಪರಿಶೀಲಿಸಿದಾಗ, ನರರೋಗಗಳ ಪ್ರಮಾಣವು ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಸುಮಾರು ಇಮ್ಮಡಿಯಾಗಿತ್ತು.

ನುಂಗುವ ದಾರಿ

ಮಾತಾಡುವ ಸ್ನಾಯುಗಳೇ ನುಂಗುವ ಸ್ನಾಯುಗಳೂ ಹೌದು. ಆದುದರಿಂದ ಮಾತು ಕೆಟ್ಟವನಿಗೆ ನೀರು ಕುಡಿಯುವಾಗ ಕೆಮ್ಮು ಬರುವುದೇ ಎಂದು ಕೇಳಲೇಬೇಕು. ನೀರು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯ ಬರಬಹುದು. ಕೆಮ್ಮು ನಮ್ಮ ಕಾವಲುಗಾರ. ಆ ಕಾವಲುಗಾರನು ಎಚ್ಚರವಾಗಿದ್ದಾನೆಯೇ ಎಂದು ನೋಡಲು ಕೆಲವು ಪರೀಕ್ಷೆಗಳಲ್ಲಿ ಕ್ಯಾಪ್ಸೈಸಿನ್ನನ್ನು ಅತಿ ತೆಳುವಾದ ತುಂತುರಾಗಿ ಮೂಸಲು ಕೊಡುವರು. ಮೆಣಸಿನಕಾಯಿಗೆ ಖಾರವನ್ನು ಕೊಡುವ ವಸ್ತುವೇ ಇದು! ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಬ್ಯಾಡಗಿಯ ಕಾಯಿಯಲ್ಲಿ ಇದರ ಅಂಶ ಕಡಿಮೆ. ಮನೆಯಲ್ಲಿ ಮೆಣಸಿನಕಾಯಿ ಸುಟ್ಟು ಯಾರೂ ಈ ಪ್ರಯೋಗವನ್ನು ಮಾಡತಕ್ಕದ್ದಲ್ಲ.

ಪರೀಕ್ಷೆಯಿಂದ ಫಲವೇನು?

ಬಗೆ ತಿಳಿದರೆ ಚಿಕಿತ್ಸೆಯ ದಾರಿ ತಿಳಿಯುವುದು. ಪಾರ್ಕಿನ್ಸನ್ ರೋಗಿಗೆ ಒಂದೇ ಗುರಿಯನ್ನಿಟ್ಟು, "ಗಟ್ಟಿಯಾಗಿ ಮಾತಾಡು" ಎಂದು ವಾರಕ್ಕೆ 4 ದಿನಗಳಂತೆ 4 ವಾರ ಕಲಿಸುವ ಕ್ರಮವು 1987ರಲ್ಲಿ ಅಮೆರಿಕದಲ್ಲಿ ಮೊದಲಾಗಿ, ಹಲವರಿಗೆ ನೆರವಾಗಿದೆ. ಕಿರುಮಿದುಳು ಕೆಟ್ಟವನಿಗೆ ಅದಲ್ಲ, ವೇಗವನ್ನು ತಗ್ಗಿಸಿ ಹದಗೊಳಿಸುವುದು ಹಿತ. ಮಯಸ್ತೀನಿಯದವನಿಗೆ ದಣಿವೇ ಶತ್ರು. ಅವನಿಗೆ ಔಷಧವೂ ವಿಶ್ರಾಂತಿಯೂ ಬೇಕು. ಮಾತು ತೀರ ಅಸ್ಪಷ್ಟವಾದವನು ವರ್ಣಮಾಲೆಯ ಹಲಗೆಯ ಮೇಲೆ ಪ್ರತಿ ಶಬ್ದದ ಮೊದಲ ಅಕ್ಷರವನ್ನು ಬೆರಳಿನಿಂದ ತೋರಿಸುತ್ತ ನುಡಿದರೆ, ಕೇಳುವವನಿಗೆ ಊಹೆ ಸುಲಭವಾಗುವುದು, ಆಡುವವನ ವೇಗವೂ ತಾನೇ ತಗ್ಗುವುದು. ಮನೆಯವರು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ರೋಗಿಯ ಮಾತನ್ನು ಮುದ್ರಿಸಿ ದಿನಾಂಕದೊಡನೆ ಇಟ್ಟುಕೊಂಡರೆ, ರೋಗದ ಏರಿಳಿತವನ್ನು ತಜ್ಞರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ದಾಖಲೆಯಿಲ್ಲ.

ಈಗ ಮಾರುಕಟ್ಟೆಯ ಆ ರೈತನ ಕಡೆಗೆ ಮರಳೋಣ. ಅವನ ಮಾತು ಥಟ್ಟನೆ ಕೆಟ್ಟಿತು. ಈ ಒಂದು ಅಂಶವೇ ಉಳಿದ ಎಲ್ಲ ಪರೀಕ್ಷೆಗಳನ್ನೂ ಬದಿಗೊತ್ತುವುದು. ಅವನನ್ನು ನಗಲು ಹೇಳಿ. ಬಾಯಿಯ ಒಂದು ಕೊನೆ ಜೋತುಬಿದ್ದಿದೆಯೇ? ಎರಡು ತೋಳುಗಳನ್ನೂ ಎತ್ತಿಸಿ; ಒಂದು ಕೆಳಗೆ ಜಾರಿತೇ? ಮಾತು ಥಟ್ಟನೆ ತೊದಲಿದುದರ ಜೊತೆಗೆ ಇವುಗಳಲ್ಲಿ ಒಂದು ಕಂಡರೂ, ಒಂದೂ ಕಾಣದಿದ್ದರೂ, ಅದನ್ನು ಪಾರ್ಶ್ವವಾಯುವೆಂದೇ ಭಾವಿಸಿ 108ಕ್ಕೆ ಕರೆಮಾಡಿ, ತಲೆಯ ಸ್ಕ್ಯಾನ್ ಮಾಡಬಲ್ಲ ಆಸ್ಪತ್ರೆಗೆ ಸಾಗಿಸಬೇಕು. ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿದ್ದರೆ, ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಎಷ್ಟು ಬೇಗನೆ ಕೊಟ್ಟರೆ ಅಷ್ಟು ಒಳಿತು. ಕೊನೆಯ ಸಲ ಅವನು ಸರಿಯಾಗಿ ಮಾತಾಡಿದುದು ಎಷ್ಟು ಗಂಟೆಗೆಂದು ವೈದ್ಯರು ಕೇಳಿಯೇ ಕೇಳುವರು. ಚಹಾ ಕುಡಿದ ಹೊತ್ತು ನೆನಪಿರಲಿ. ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಬಾರದು. ನೆರಳಿನಲ್ಲಿ ಮಲಗಿಸಿ ಕಳೆದ ಎರಡು ಗಂಟೆಗಳನ್ನು ಯಾವ ಔಷಧವೂ ಮರಳಿ ತಂದುಕೊಡದು.

ಇನ್ನು ರೋಗ ನೆಲೆಗೊಂಡವರ ವಿಷಯ. ಅವರೊಡನೆ ಕೂಗಿ ಮಾತಾಡಬೇಡಿ, ಅವರು ಕಿವುಡರಲ್ಲ. ಅವರ ಪರವಾಗಿ ಇನ್ನೊಬ್ಬರನ್ನು ಕೇಳಬೇಡಿ, ಅವರು ದಡ್ಡರಲ್ಲ. ಅರ್ಥವಾಗದೆ ಅರ್ಥವಾಯಿತೆಂದು ತಲೆಯಾಡಿಸಬೇಡಿ. ಎದುರಿಗೆ ಕುಳಿತು, ಗದ್ದಲವಿಲ್ಲದೆಡೆ, ಅವರ ವೇಗಕ್ಕೆ ನಮ್ಮ ಕಿವಿಯನ್ನು ಹೊಂದಿಸಿಕೊಂಡರೆ ಅವರ ಮಾತು ಅರ್ಧ ಉಳಿದಂತೆಯೇ ಸರಿ. ಉಳಿದರ್ಧಕ್ಕೆ ವಿಜ್ಞಾನದ ನೆರವುಂಟು.